ಮೂರನೆಯ ಬೀಗದಯ್ಯ

ಜನವರಿ 9

ಅಪ್ಪನಿಗೆ,

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಮ್ಮಿಬ್ಬರ ಮಾತು ಮೂರನೇ ವಾಕ್ಯಕ್ಕೆ ಜಗಳವಾಗುತ್ತದೆ, ನಾಲ್ಕನೆಯದಕ್ಕೆ ನೀವೋ ನಾನೋ ಫೋನ್ ಇಟ್ಟಿರುತ್ತೇವೆ. ಕಾಗದದಲ್ಲಾದರೆ ಒಬ್ಬರು ಮುಗಿಸುವತನಕ ಇನ್ನೊಬ್ಬರು ನಡುವೆ ಬಾಯಿ ಹಾಕುವಂತಿಲ್ಲ.

ವಿಷಯ ಇಷ್ಟೇ. ‘ಬೀಗದಯ್ಯ’ನನ್ನು ಮತ್ತೆ ತೆರೆಗೆ ತರುತ್ತಿದ್ದಾರೆ. ಈ ಸಲ ಆ ಪಾತ್ರ ನನ್ನದು. ಹೌದು, ಹೆಂಗಸಿನದು. ನಿರ್ಮಾಪಕರು ಹೆಸರನ್ನು ‘ಬೀಗದಕ್ಕ’ ಎಂದು ಬದಲಾಯಿಸೋಣ ಎಂದರು. ಬೀಗದಕ್ಕ ಅಂದರೆ ಸೊಂಟಕ್ಕೆ ಬೀಗದ ಕೈ ಸಿಕ್ಕಿಸಿಕೊಂಡು ಬೀದಿಯವರ ಮೇಲೆಲ್ಲ ರೇಗುವ ಪಕ್ಕದ ಮನೆಯವಳ ಹಾಗಿದೆ, ಹೆಸರು ಹಾಗೇ ಇರಲಿ ಎಂದೆ. ಒಪ್ಪಿದರು.

ನಿರ್ದೇಶಕಿ ಮೊದಲ ದಿನವೇ ನನ್ನನ್ನು ಒಂದು ಪ್ರಶ್ನೆ ಕೇಳಿದರು. ಕಾಮಿಕ್ಸಿನಲ್ಲಿ ಹುಟ್ಟಿದ ಒಬ್ಬ ಬೀಗ ಮಾಡುವವನು, ಊರಿನ ಬಾಗಿಲುಗಳೆಲ್ಲ ತನ್ನ ಕೈಯಲ್ಲೇ ಇರಬೇಕೆಂದು ಹೊರಟವನು. ಟಿವಿ ಧಾರಾವಾಹಿಯಲ್ಲಿ ನಿಮ್ಮಪ್ಪ ಅವನನ್ನು ಮಾಡಿದಾಗ ಊರೆಲ್ಲ ಸಂಜೆಯಾದರೆ ಚಿಲಕ ಹಾಕಿಕೊಳ್ಳುತ್ತಿತ್ತು. ಆಮೇಲೆ ಸಿನಿಮಾದಲ್ಲಿ ಅಷ್ಟು ದೊಡ್ಡ ನಟ, ಅಷ್ಟು ದೊಡ್ಡ ಸೆಟ್ಟು ಹಾಕಿ ಮಾಡಿದರೂ ಯಾರ ಮನಸ್ಸಿನಲ್ಲೂ ನಿಲ್ಲಲಿಲ್ಲ. ಯಾಕೆ?

ಗೊತ್ತಿಲ್ಲ ಎಂದೆ. ಸುಳ್ಳು. ನನಗೆ ಗೊತ್ತಿದೆ, ನಾನು ಮಾಡಿಯೂ ತೋರಿಸುತ್ತೇನೆ. ಸಲಹೆ ಕೇಳಲು ಬರೆಯುತ್ತಿಲ್ಲ. ಪತ್ರಿಕೆಯಲ್ಲಿ ಓದಿ ತಿಳಿಯುವುದಕ್ಕಿಂತ ನನ್ನಿಂದಲೇ ತಿಳಿಯಲಿ ಎಂದು ಬರೆದೆ. ಪತ್ರಿಕೆಯವರು ನಿಮಗೂ ಫೋನ್ ಮಾಡುತ್ತಾರೆ. ದಯವಿಟ್ಟು ಅವರಿಗೆ ಆ ‘ಒಳಗೆ ಬರಲಾ?’ ಸಂಭಾಷಣೆ ಹೇಳಿ ತೋರಿಸಬೇಡಿ.

ಇಂತಿ,
ನಿಮ್ಮ ಮಗಳು

*

ಜನವರಿ 20

ಮರೀ,

ನಾನು ಯಾವಾಗಿಂದ ‘ನೀವು’ ಆದೆ? ನಿನ್ನ ಕಾಗದ ಓದುತ್ತಾ ಬೆನ್ನು ನೆಟ್ಟಗೆ ಮಾಡಿ ಕೂತೆ, ಯಾರೋ ಸರ್ಕಾರಿ ಅಧಿಕಾರಿ ಬರೆದಿದ್ದಾರೆ ಎಂಬಂತೆ.

ಪತ್ರಿಕೆಯವನು ಫೋನ್ ಮಾಡಿದ್ದ. ‘ಒಳ್ಳೆಯದಾಗಲಿ’ ಎಂದಷ್ಟೇ ಹೇಳಿದೆ. ‘ಆ ಡೈಲಾಗ್ ಒಂದ್ಸಲ ಹೇಳಿ ಸಾರ್’ ಅಂದ. ‘ಗಂಟಲು ಕೆಟ್ಟಿದೆ’ ಎಂದೆ. ಇದನ್ನು ಎಲ್ಲಾದರೂ ಬರೆದಿಟ್ಟುಕೋ. ನನ್ನ ಜೀವಮಾನದಲ್ಲಿ ಇದೇ ಮೊದಲು.

ನೀನು ಕೇಳದಿದ್ದರೂ ನಾನು ಹೇಳುತ್ತೇನೆ. ಅಪ್ಪ ಅನ್ನಿಸಿಕೊಂಡ ಮೇಲೆ ಅಷ್ಟೂ ಹಕ್ಕಿಲ್ಲದಿದ್ದರೆ ಹೇಗೆ?

ಬೇರೆ ಖಳನಾಯಕರು ಬಾಗಿಲು ಒಡೆಯುತ್ತಾರೆ. ಬೀಗದಯ್ಯ ಮೆಲ್ಲಗೆ ತಟ್ಟಿ, ‘ಒಳಗೆ ಬರಲಾ?’ ಎಂದು ಕೇಳುತ್ತಾನೆ. ಒಳಗಿನವರು ‘ಬನ್ನಿ’ ಎನ್ನುವ ತನಕ ಹೊಸ್ತಿಲು ದಾಟುವುದಿಲ್ಲ. ಅವನು ಒಂದು ಸುಳ್ಳನ್ನೂ ಹೇಳುವುದಿಲ್ಲ, ಕೊಟ್ಟ ಮಾತನ್ನೂ ತಪ್ಪುವುದಿಲ್ಲ. ನಮ್ಮ ನಾಯಕ ಮಿಂಚುಳ್ಳಿಯೇ ಊರು ಉಳಿಸಲು ನೂರು ಸುಳ್ಳು ಹೇಳಬೇಕು. ನೋಡುವವನಿಗೆ ಹೆದರಿಕೆ ಬೀಗದಯ್ಯನದ್ದಲ್ಲ. ‘ನಾನಾಗಿದ್ದರೂ ಬಾಗಿಲು ತೆಗೆಯುತ್ತಿದ್ದೆನಲ್ಲ’ ಎಂಬ ಹೆದರಿಕೆ.

ಆ ದೊಡ್ಡ ನಟ ಮೊದಲ ದೃಶ್ಯದಲ್ಲೇ ಬಾಗಿಲು ಒದ್ದ. ಒದ್ದು ಬಂದವನು ಕಳ್ಳ. ಕೇಳಿ ಬಂದವನು ನೆಂಟ. ಕಳ್ಳ ಬಂದರೆ ಏನು ಮಾಡಬೇಕೆಂದು ಎಲ್ಲರಿಗೂ ಗೊತ್ತು. ನೆಂಟನಿಗೆ ಹೆದರುವುದು ಹೇಗೆಂದು ಯಾರಿಗೂ ಗೊತ್ತಿಲ್ಲ. ಅವನ ಮೇಲೆ ನನಗೆ ಹೊಟ್ಟೆಕಿಚ್ಚು ಅನ್ನುತ್ತೀಯ. ಇದೆ. ಆದರೂ ಮಾತು ನಿಜ.

ನಾನು ಆರಾಮ. ಸಂಜೆ ಹೊತ್ತು ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ಹುಡುಗರಿಗೆ ಧ್ವನಿಪಾಠ ನಡೆದಿದೆ. ಎಲ್ಲರಿಗೂ ಗುಡುಗಬೇಕೆಂಬ ಆಸೆ. ಪಿಸುಗುಟ್ಟುವುದನ್ನು ಕಲಿಯಲು ಒಬ್ಬನೂ ಬರುವುದಿಲ್ಲ.

ಅಪ್ಪ

*

ಫೆಬ್ರವರಿ 14

ಅಪ್ಪಾ,

ಸರಿ, ‘ನೀನು’. ಆದರೆ ಅದಕ್ಕೇ ರಾಜಿಯಾಯಿತು ಅಂದುಕೊಳ್ಳಬೇಡ.

ನೆಂಟನ ಮಾತನ್ನು ನಿರ್ದೇಶಕಿಗೆ ಹೇಳಿದೆ, ನನ್ನದೇ ಎಂಬಂತೆ. ಮೆಚ್ಚಿಕೊಂಡರು. ಆಮೇಲೆ ಅಭ್ಯಾಸಕ್ಕೆ ನಿಂತೆವು. ಹಳೆಯ ಗೋದಾಮಿನಲ್ಲಿ ಒಂದು ಮರದ ಬಾಗಿಲು ನಿಲ್ಲಿಸಿದ್ದಾರೆ, ಗೋಡೆ ಇಲ್ಲ, ಬರೀ ಬಾಗಿಲು. ತಟ್ಟಿದೆ. ‘ಒಳಗೆ ಬರಲಾ?’ ಎಂದೆ.

ಎಲ್ಲರೂ ನಕ್ಕರು.

ಕೆಟ್ಟದಾಗಿ ಮಾಡಿದ್ದಕ್ಕೆ ನಕ್ಕಿದ್ದರೆ ತಿದ್ದಿಕೊಳ್ಳುತ್ತಿದ್ದೆ. ಚೆನ್ನಾಗಿಯೇ ಮಾಡಿದೆ. ಮೇಕಪ್ಪಿನವಳು ಕಣ್ಣೊರೆಸಿಕೊಂಡು ಹೇಳಿದಳು: ‘ಬೇಜಾರು ಮಾಡ್ಕೋಬೇಡಿ ಮೇಡಂ. ಸಕ್ಕರೆ ಕೇಳೋಕೆ ಬಂದಂಗಿತ್ತು.’ ಇನ್ನೊಂದು ವಿಷಯ. ಆ ಮಾತು ಸವೆದುಹೋಗಿದೆ ಅಪ್ಪಾ. ಲಿಫ್ಟಿನಲ್ಲಿ ಹೇಳುತ್ತಾರೆ, ಶೌಚಾಲಯದ ಬಾಗಿಲಲ್ಲಿ ಹೇಳುತ್ತಾರೆ, ಮೊಬೈಲಿನ ಕರೆಗಂಟೆ ಮಾಡಿಕೊಂಡಿದ್ದಾರೆ. ಅಂಗಡಿ ಉದ್ಘಾಟನೆಗಳಲ್ಲಿ, ಹುಟ್ಟುಹಬ್ಬಗಳಲ್ಲಿ ಕೇಳಿ ಕೇಳಿ ಜನರಿಗೆ ಅದು ಜೋಗುಳವಾಗಿದೆ. ಯಾರು ಸವೆಸಿದರು ಎಂದು ನಾನು ಹೇಳುವುದಿಲ್ಲ.

ಹಾಗಂತ ಸೋತಿಲ್ಲ. ಕೋಟು ಬದಲಾದರೂ, ದನಿ ಬದಲಾದರೂ, ಗಂಡಸು ಹೋಗಿ ಹೆಂಗಸು ಬಂದರೂ ಉಳಿಯಬೇಕಾದ್ದು ಒಂದೇ ಒಂದು ಇದೆ. ಅದು ಆ ಮಾತಲ್ಲ. ಮಾತಿನ ಹಿಂದೆ ಇರುವುದು. ಅದನ್ನು ಹುಡುಕುತ್ತಿದ್ದೇನೆ, ಸಿಗುತ್ತದೆ.

ನಿರ್ದೇಶಕಿ ಕಥೆಗೊಂದು ಹಿನ್ನೆಲೆಯನ್ನೂ ಸೇರಿಸುತ್ತಿದ್ದಾರೆ. ಬೀಗದಯ್ಯ ಚಿಕ್ಕವಳಿದ್ದಾಗ ಅಪ್ಪ ಅವಳನ್ನು ಹೊಡೆದು ಕೋಣೆಯಲ್ಲಿ ಕೂಡಿಹಾಕಿ ಬೀಗ ಹಾಕುತ್ತಿದ್ದನಂತೆ. ಅದಕ್ಕೇ ದೊಡ್ಡವಳಾಗಿ ಊರಿಗೆಲ್ಲ ಬೀಗ ಹಾಕುತ್ತಾಳೆ.

ಮಗಳು

*

ಮಾರ್ಚ್ 3

ಮರೀ,

ಹಿನ್ನೆಲೆ ಬೇಡ. ನಿರ್ದೇಶಕಿಗೆ ನಾನು ಹೇಳಿದೆ ಅಂತ ಹೇಳಬೇಡ, ನಿನ್ನದೇ ಎಂಬಂತೆ ಹೇಳು. ಅದು ನಿನಗೆ ಚೆನ್ನಾಗಿ ಬರುತ್ತದೆ.

ಹೊಡೆಸಿಕೊಂಡದ್ದಕ್ಕೆ ಹೊಡೆಯುತ್ತಾನೆ, ಕೂಡಿಹಾಕಿಸಿಕೊಂಡದ್ದಕ್ಕೆ ಕೂಡಿಹಾಕುತ್ತಾನೆ. ಇದೇನು ವ್ಯಾಪಾರವೇ, ಕೊಟ್ಟದ್ದಕ್ಕೆ ಸರಿಯಾಗಿ ತಿರುಗಿ ಕೊಡಲು? ಪ್ರೇಕ್ಷಕ ‘ಅಯ್ಯೋ ಪಾಪ’ ಅಂದ ಕ್ಷಣವೇ ಕುರ್ಚಿಗೆ ಒರಗಿ ಕೂರುತ್ತಾನೆ. ಒರಗಿ ಕೂತವನನ್ನು ಹೆದರಿಸುವುದು ಬ್ರಹ್ಮನಿಗೂ ಆಗುವುದಿಲ್ಲ.

ನಿನಗೆ ಒಂದು ಸಂಗತಿ ಹೇಳಿಲ್ಲ. ಧಾರಾವಾಹಿ ಶುರುವಾಗುವ ಮುಂಚೆ ಕಾಮಿಕ್ಸಿನ ಚಿತ್ರಕಾರರನ್ನು ನೋಡಲು ಹೋಗಿದ್ದೆ. ಆಗಲೇ ಮುದುಕರು, ಕೈ ನಡುಗುತ್ತಿತ್ತು. ಗೆರೆ ಮಾತ್ರ ನಡುಗುತ್ತಿರಲಿಲ್ಲ. ‘ನಿಮ್ಮ ಬೀಗದಯ್ಯನನ್ನು ಕಂಡರೆ ಮಕ್ಕಳಿಗೆ ಅಷ್ಟೊಂದು ಹೆದರಿಕೆ ಯಾಕೆ ಸಾರ್?’ ಎಂದು ಕೇಳಿದೆ. ಪುಸ್ತಕ ತೆಗೆದು ತೋರಿಸಿದರು. ‘ನೋಡಪ್ಪಾ, ನಾನು ಅವನನ್ನ ಯಾವತ್ತೂ ಬಾಗಿಲಿಗಿಂತ ಚಿಕ್ಕದಾಗೇ ಬರೀತೀನಿ. ಮಿಂಚುಳ್ಳಿ ಚೌಕಟ್ಟು ಒಡೆದು ಬರ್ತಾನೆ. ಇವನು ಚೌಕಟ್ಟಿನೊಳಗೆ ನಿಂತಿರ್ತಾನೆ, ಸುತ್ತ ಜಾಗ ಬಿಟ್ಟು. ಆ ಖಾಲಿ ಜಾಗಾನೇ ಮಕ್ಕಳನ್ನ ಹೆದರಿಸೋದು.’

ಅದಕ್ಕೇ ನಾನು ಕೋಟನ್ನು ಒಂದು ಅಳತೆ ದೊಡ್ಡದು ಹೊಲಿಸಿಕೊಂಡೆ, ಅದರೊಳಗೆ ಕುಗ್ಗಿ ಕಾಣಲಿ ಎಂದು. ಆ ದೊಡ್ಡ ನಟನನ್ನು ಬಾಗಿಲಿಗಿಂತ ಎತ್ತರ ಮಾಡಿದರು. ಮುಗಿಯಿತಲ್ಲ ಕಥೆ.

ನಿನಗೆ ಆ ಚಿಂತೆಯಿಲ್ಲ. ನೀನು ನಿನ್ನಮ್ಮನ ಹಾಗೆ ಗಿಡ್ಡ.

ಅಪ್ಪ

*

ಮಾರ್ಚ್ 30

ಮರೀ,

ಇವತ್ತು ನಿಮ್ಮ ನಿರ್ಮಾಪಕರ ಕಡೆಯವರು ಬಂದಿದ್ದರು. ಹಿನ್ನೆಲೆಯ ದೃಶ್ಯದಲ್ಲಿ ಬೀಗ ಹಾಕುವ ಅಪ್ಪನ ಪಾತ್ರವನ್ನು ನಾನು ಮಾಡಬೇಕಂತೆ. ‘ಹಳೇ ಬೀಗದಯ್ಯನೇ ಹೊಸ ಬೀಗದಯ್ಯನ ಅಪ್ಪ! ನಿಜವಾಗ್ಲೂ ಅಪ್ಪ! ಪ್ರಚಾರಕ್ಕೆ ಇದಕ್ಕಿಂತ ಇನ್ನೇನು ಬೇಕು ಸಾರ್?’ ಎಂದರು. ಒಪ್ಪಿಕೊಂಡೆ.

ಹೋಗುವಾಗ ಅವರು ಬಾಯಿತಪ್ಪಿ ಇನ್ನೊಂದು ಮಾತು ಹೇಳಿದರು. ಈ ಯೋಚನೆ ಒಂದು ತಿಂಗಳ ಹಿಂದೆಯೇ ಬಂದಿತ್ತಂತೆ. ‘ಮೇಡಂ ಬೇಡ ಅಂದ್ರು, ಅದಕ್ಕೇ ತಡ ಆಯ್ತು.’

ನಾನು ಅಭಿನಯಿಸಿ ಎಷ್ಟು ಕಾಲವಾಯಿತು ಎಂದು ನಿನಗೆ ಗೊತ್ತಿದೆ. ಬೀಗದಯ್ಯ ಮುಗಿದ ಮೇಲೆ ಯಾರೂ ನನ್ನನ್ನು ಬೇರೆ ಯಾವುದಕ್ಕೂ ಕರೆಯಲಿಲ್ಲ. ಅಂಚೆಯವನ ಪಾತ್ರಕ್ಕೂ ಇಲ್ಲ. ‘ನೀವು ಬಾಗಿಲು ತಟ್ಟಿದ್ರೆ ಜನ ಕಿರುಚ್ತಾರೆ ಸಾರ್’ ಎಂದರು.

ನನಗೆ ಕೊಡಬೇಡ ಅಂತ ಯಾಕೆ ಹೇಳಿದೆ?

ಅಪ್ಪ

*

ಏಪ್ರಿಲ್ 4

ಅಪ್ಪಾ,

ಯಾಕೆಂದರೆ ಜನ ನಂಬುತ್ತಾರೆ.

ಶಾಲೆಯಲ್ಲಿ ನನ್ನ ಪಕ್ಕದಲ್ಲಿ ಕೂರಬೇಡ ಎಂದು ತಮ್ಮ ಮಕ್ಕಳಿಗೆ ಹೇಳಿಕೊಟ್ಟ ತಾಯಂದಿರಿದ್ದರು. ‘ಬೀಗದಯ್ಯನ ಮಗಳು’ ಎಂದು ಆ ಮಕ್ಕಳು ಕೂಗಿ ಅಣಕಿಸಿದರು. ನೀನು ಅದನ್ನು ಕೇಳಿ ಹೆಮ್ಮೆಪಟ್ಟೆ. ನನ್ನ ಮದುವೆ ಊಟದ ದಿನ, ನೆನಪಿದೆಯಾ, ಬೀಗರು ಕೇಳಿದರು ಎಂದು ಕುರ್ಚಿ ಹತ್ತಿ ನಿಂತೆ. ‘ಬೀಗರ ಮುಂದೆ ಬೀಗದಯ್ಯ!’ ಎಂದು ನೀನೇ ಕೂಗಿದೆ. ನಾನು ನಿನ್ನ ತೋಳು ಹಿಡಿದು, ಸಾಕಪ್ಪಾ ಎಂದೆ. ನೀನು ತೋಳು ಬಿಡಿಸಿಕೊಂಡೆ. ಇಡೀ ಹಾಲ್ ಚಪ್ಪಾಳೆ ತಟ್ಟಿತು.

ಈಗ ತೆರೆಯ ಮೇಲೆ ನೀನು ನನ್ನನ್ನು ಹೊಡೆದು ಬೀಗ ಹಾಕಿದರೆ, ಮಾರನೆಯ ದಿನದಿಂದ ಅದೇ ನಮ್ಮ ಮನೆಯ ಕಥೆಯಾಗುತ್ತದೆ. ನೀನು ಹೊಡೆದವನಲ್ಲ. ಮಾಡದ ತಪ್ಪನ್ನು ನಿನ್ನ ತಲೆಗೆ ಕಟ್ಟಲು ನನಗೆ ಇಷ್ಟವಿಲ್ಲ.

ಮಾಡಿದ್ದಾದರೆ ಬೇರೆ ಮಾತು.

ಮಗಳು

*

ಮೇ 21

ಮರೀ,

ನಿನ್ನ ಏಪ್ರಿಲಿನ ಕಾಗದಕ್ಕೆ ಉತ್ತರ ಬರೆಯಲು ಆಗಲಿಲ್ಲ. ಬರೆದದ್ದನ್ನೆಲ್ಲ ಹರಿದೆ. ಮೊನ್ನೆ ಮಧ್ಯಾಹ್ನ ನೀನು ಬಂದುಹೋದ ಮೇಲೆ ಬರೆಯುವುದು ಸುಲಭವಾಗಿದೆ. ನೀನು ಅದರ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ನಲ್ಲಿ ಸೋರುವುದನ್ನು ನೋಡಿ ವಾಷರ್ ತಂದು ಹಾಕಿದೆ, ಕಾಫಿ ಕುಡಿದೆ, ನನ್ನ ಹಳೆಯ ಬೀಗದಯ್ಯನ ಕೋಟನ್ನು ಒಂದು ಸಲ ಹಾಕಿಕೊಂಡು ನೋಡಿ ವಾಪಸ್ ಇಟ್ಟೆ, ಹೊರಟೆ.

ಬಾಗಿಲು ತೆಗೆಯಲು ಅಷ್ಟು ಹೊತ್ತು ಯಾಕೆ ಎಂದು ಕೇಳಿದೆಯಲ್ಲ. ಸ್ನಾನದಲ್ಲಿದ್ದೆ ಎಂದೆ. ಇರಲಿಲ್ಲ. ಬಾಗಿಲ ಹಿಂದೆಯೇ ನಿಂತಿದ್ದೆ.

ಈ ಕಟ್ಟಡದ ಮಕ್ಕಳೆಲ್ಲ ನನ್ನ ಬಾಗಿಲು ತಟ್ಟಿ ಓಡಿಹೋಗುತ್ತಾರೆ. ಅದೊಂದು ಆಟ. ತಟ್ಟಿದ ಸದ್ದು, ನಗು, ಮೆಟ್ಟಿಲ ಮೇಲೆ ಓಡುವ ಸದ್ದು. ನಾನು ಏಳುವುದೇ ಇಲ್ಲ. ಮೊನ್ನೆ ತಟ್ಟಿದ ಸದ್ದಾಯಿತು. ನಗು ಬರಲಿಲ್ಲ. ಓಟ ಬರಲಿಲ್ಲ. ಎದ್ದು ಬಂದೆ. ಬಾಗಿಲ ಕೆಳಗಿನ ಸಂದಿಯಲ್ಲಿ ಎರಡು ನೆರಳು, ಚಪ್ಪಲಿಯದು. ಅಲುಗಲಿಲ್ಲ. ಇನ್ನೊಮ್ಮೆ ತಟ್ಟಲೂ ಇಲ್ಲ, ಕರೆಯಲೂ ಇಲ್ಲ. ಆಚೆಯಿರುವವರಿಗೆ ನಾನು ಒಳಗಿರುವುದು ಗೊತ್ತಿದೆ, ನಾನು ಬಂದು ನಿಂತದ್ದೂ ಗೊತ್ತಿದೆ, ಆದರೂ ಕಾಯುತ್ತಿದ್ದಾರೆ ಅನ್ನಿಸಿತು. ಬೆವರಿದೆ ಮರೀ. ಸುಳ್ಳಲ್ಲ. ಎಷ್ಟೋ ಬಾಗಿಲುಗಳನ್ನು ಹೊರಗಿನಿಂದ ತಟ್ಟಿದವನು ನಾನು. ಒಳಗೆ ನಿಂತದ್ದು ಅದೇ ಮೊದಲು.

ನೀನು ಹುಡುಕುತ್ತಿದ್ದದ್ದು ಅದೇ. ಮಾತಲ್ಲ, ಕಾಯುವುದು. ಅವಸರವೇ ಇಲ್ಲದವನ ಎದುರು ಯಾರೂ ಗೆಲ್ಲಲಾರರು.

ಇನ್ನು ಆ ಹಿನ್ನೆಲೆ. ಹೊಡೆತ ಬೇಡ, ಬೈಗುಳವೂ ಬೇಡ. ಅಪ್ಪ ಬೀಗ ಹಾಕುತ್ತಾನೆ, ಏನೋ ಸಣ್ಣ ತಪ್ಪಿಗೆ. ಒಳಗಿನಿಂದ ಮಗು ಬಾಗಿಲು ತಟ್ಟುತ್ತದೆ. ಮೆಲ್ಲಗೆ, ಒಳ್ಳೆಯ ಮಗುವಿನ ಹಾಗೆ. ‘ಹೊರಗೆ ಬರಲಾ?’ ಎಂದು ಕೇಳುತ್ತದೆ. ಅಪ್ಪ ಎಲ್ಲೂ ಹೋಗಿಲ್ಲ, ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದಾನೆ. ಕೇಳಿಸಿಕೊಳ್ಳುತ್ತಾನೆ. ತೆಗೆಯುವುದಿಲ್ಲ. ಅಷ್ಟೇ. ಯಾಕೆ ತೆಗೆಯಲಿಲ್ಲ ಎಂದು ಯಾರೂ ಹೇಳುವುದು ಬೇಡ. ಪ್ರೇಕ್ಷಕನಿಗೆ ಪಾಪ ಅನ್ನಿಸಲಿ, ಆದರೆ ಒರಗಿ ಕೂರಲು ಆಗದಿರಲಿ.

ಈ ದೃಶ್ಯವನ್ನು ಮಾಡಲು ನನ್ನನ್ನು ಬಿಟ್ಟರೆ ಬೇರೆ ಯಾರಿಗೂ ಆಗುವುದಿಲ್ಲ. ಇದು ಜಂಬವಲ್ಲ. ಜಂಬ ಪಡುವಾಗ ನಾನು ಹೇಗಿರುತ್ತೇನೆ ಎಂದು ನಿನಗೆ ಚೆನ್ನಾಗಿ ಗೊತ್ತು. ಆದರೂ ನೀನು ಬೇಡ ಎಂದರೆ ಮಾಡುವುದಿಲ್ಲ. ನೀನೇ ಹೇಳು.

ಅಪ್ಪ

*

ಜೂನ್ 28

ಅಪ್ಪಾ,

‘ಮಾಡು’ ಎಂದು ತಂತಿಯಂತೆ ಒಂದೇ ಪದ ಕಳಿಸಿದ್ದೆ. ಈಗ ಉಳಿದದ್ದು.

ನಿನ್ನ ದೃಶ್ಯ ಮುಗಿದ ಮೇಲೆ ನೀನು ಬೇಗ ಹೊರಟುಬಿಟ್ಟೆ, ಮೇಕಪ್ಪು ಕೂಡ ಪೂರ್ತಿ ತೆಗೆಯದೆ. ನಾನು ಪರದೆಯ ಹಿಂದೆ ನಿರ್ದೇಶಕಿಯ ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಮಗು ತಟ್ಟಿದಾಗ ನೀನು ಅಳುತ್ತೀಯ, ತಲೆ ತಗ್ಗಿಸುತ್ತೀಯ ಎಂದುಕೊಂಡಿದ್ದೆವು. ನೀನು ಷೂ ಲೇಸು ಬಿಚ್ಚಿ ಮತ್ತೆ ಕಟ್ಟಿದೆ. ಮತ್ತೆ ಬಿಚ್ಚಿದೆ. ಇನ್ನೆಲ್ಲಿಗೋ ಹೊರಡಬೇಕಾದವನ ಹಾಗೆ. ‘ಹೊರಗೆ ಬರಲಾ?’ ಎಂದು ಮಗು ಎರಡನೇ ಸಲ ಕೇಳಿದಾಗ ಗಂಟು ಬಿಗಿ ಮಾಡಿ ಎದ್ದು ಹೋದೆ. ಎದ್ದು ಹೋಗುವುದು ಬರವಣಿಗೆಯಲ್ಲಿ ಇರಲಿಲ್ಲ. ನಿರ್ದೇಶಕಿ ‘ಕಟ್’ ಹೇಳುವುದನ್ನೇ ಮರೆತರು.

ಯಾರು ಹೇಳಿಕೊಟ್ಟರು ಅದನ್ನು? ಬೇಡ, ಬರೆಯಬೇಡ.

ನನ್ನ ಮೊದಲ ದೃಶ್ಯ ನಿನ್ನೆ ತೆಗೆದರು. ಆ ಪ್ರಸಿದ್ಧ ಮಾತನ್ನು ನಾನು ಹೇಳಲಿಲ್ಲ. ಇಡೀ ಸಿನಿಮಾದಲ್ಲಿ ಹೇಳುವುದಿಲ್ಲ. ತಟ್ಟಿದೆ, ಒಂದೇ ಸಲ. ಕೈ ಇಳಿಬಿಟ್ಟು ನಿಂತೆ. ಬಾಗಿಲನ್ನು ನನಗಿಂತ ಬಹಳ ಎತ್ತರ ಮಾಡಿಸಿದ್ದಾರೆ. ಕ್ಯಾಮೆರಾ ಒಳಗಿನವರ ಕಡೆ, ನಾನು ಬರೀ ಸಂದಿಯ ನೆರಳು. ನಿಂತೆ. ನಿಂತೇ ಇದ್ದೆ. ಕೊನೆಗೆ ಲೈಟಿನವರು, ಎಲ್ಲ ಸಿನಿಮಾ ನೋಡಿ ಜಡ್ಡುಗಟ್ಟಿದ ಮನುಷ್ಯ, ತಡೆಯಲಾರದೆ ಮೇಲಿನಿಂದ ಕೂಗಿದರು: ‘ತೆಗೀರಪ್ಪಾ ಯಾರಾದ್ರೂ! ಅಲ್ಲಿ ನಿಂತಿದ್ದಾಳೆ!’

ಟೇಕ್ ಹಾಳಾಯಿತು. ನಿರ್ದೇಶಕಿ ಓಡಿಬಂದು ನನ್ನನ್ನು ತಬ್ಬಿಕೊಂಡರು. ಮೇಕಪ್ಪಿನವಳು ನಗಲಿಲ್ಲ. ‘ಇನ್ನು ಸಕ್ಕರೆ ಬೇಕಂದ್ರೆ ಫೋನ್ ಮಾಡಿ ಮೇಡಂ’ ಎಂದಳು.

ಮಗಳು

*

ನವೆಂಬರ್ 17

ಮರೀ,

ಸಿನಿಮಾ ನೋಡಿದೆ. ಮಧ್ಯಾಹ್ನದ ಆಟಕ್ಕೆ, ಹಿಂದಿನ ಸಾಲಿನಲ್ಲಿ, ಟೋಪಿ ಹಾಕಿಕೊಂಡು. ಪಕ್ಕದಲ್ಲಿ ಕೂತಿದ್ದವನು ತನ್ನ ಹೆಂಡತಿಯ ಕೈಯೆಂದು ನನ್ನ ಕೈ ಹಿಡಿದುಕೊಂಡಿದ್ದ. ಬಿಡಿಸಿಕೊಳ್ಳಲಿಲ್ಲ. ಅವನಿಗೆ ಅಗತ್ಯವಿತ್ತು.

ನೀನು ನನಗಿಂತ ಚೆನ್ನಾಗಿ ಮಾಡಿದ್ದೀಯ. ಇದನ್ನು ಬರೆಯಲು ಮೂರು ದಿನ ಬೇಕಾಯಿತು, ಅದಕ್ಕೇ ಕಾಗದ ತಡ. ನನ್ನ ಬೀಗದಯ್ಯನಿಗೆ ಜನ ಹೆದರಿದರು. ನಿನ್ನವಳಿಗೆ ಹೆದರಿಯೂ ಬಾಗಿಲು ತೆಗೆಯಲಿ ಎಂದು ಆಸೆಪಟ್ಟರು. ಸೇತುವೆಯ ದೃಶ್ಯದಲ್ಲಿ ಮಾತ್ರ ಕತ್ತು ಹೆಚ್ಚು ತಿರುಗಿಸಿದೆ.

ಇನ್ನು ನೀನು ಹೇಳಿದ್ದು. ಜನ ನಂಬಿದ್ದಾರೆ. ತರಕಾರಿ ಅಂಗಡಿಯವಳು ನನ್ನ ಚೀಲವನ್ನು ತೂಕ ಮಾಡದೆ ಪಕ್ಕಕ್ಕೆ ಇಟ್ಟಳು. ‘ಹೆತ್ತ ಮಗಳನ್ನ ಹಾಗೆ ಕೂಡಿಹಾಕಿ ಎದ್ದು ಹೋಗ್ತೀರಲ್ಲ, ನಿಮಗೆ ಕರುಳು ಇದೆಯಾ?’ ಎಂದು ಎಲ್ಲರೆದುರು ಕೇಳಿದಳು. ‘ಅದು ಸಿನಿಮಾ ಕಣಮ್ಮ’ ಎಂದೆ. ‘ಸಿನಿಮಾ ಅಂತ ನನಗೂ ಗೊತ್ತು. ಆ ಲೇಸು ಕಟ್ಟೋದು ಸಿನಿಮಾ ಅಲ್ಲ’ ಎಂದಳು.

ಟೊಮೇಟೊ ಕೊಡಲಿಲ್ಲ. ಬರಿಗೈಯಲ್ಲಿ ಬಂದೆ. ಇಷ್ಟು ವರ್ಷದಲ್ಲಿ ನನಗೆ ಸಿಕ್ಕ ಅತ್ಯಂತ ಒಳ್ಳೆಯ ವಿಮರ್ಶೆ ಅದು.

ಅಪ್ಪ

*

ನವೆಂಬರ್ 24

ಅಪ್ಪಾ,

ಸೇತುವೆಯ ದೃಶ್ಯದ ಮಾತು ಸರಿ. ನನಗೂ ಡಬ್ಬಿಂಗಿನಲ್ಲೇ ಗೊತ್ತಾಯಿತು.

ನಿನ್ನೆ ಪತ್ರಿಕಾಗೋಷ್ಠಿ. ನೀನು ಓದುವ ಮೊದಲೇ ಹೇಳಿಬಿಡುತ್ತೇನೆ. ಎಲ್ಲ ಪ್ರಶ್ನೆಗಳಿಗೂ ಚೆನ್ನಾಗಿ ಉತ್ತರ ಕೊಟ್ಟೆ. ಖಳನಾಯಕನ ಕೋಟು, ದನಿ, ಕಥೆ ಎಲ್ಲ ಬದಲಾದರೂ ಜನರಿಗೆ ಅವನು ಬೇಕಾಗುವುದು ಯಾಕೆ ಎಂದು ಕೇಳಿದರು. ನಾಯಕ ಬಂದು ನಮ್ಮನ್ನು ಕಾಪಾಡುತ್ತಾನೆ, ಅಲ್ಲಿ ನಾವು ಏನೂ ಮಾಡಬೇಕಾಗಿಲ್ಲ. ಇವಳು ಬಂದರೆ ಬಾಗಿಲು ತೆಗೆಯಬೇಕೋ ಬೇಡವೋ ಎಂದು ನಾವೇ ತೀರ್ಮಾನಿಸಬೇಕು ಎಂದೆ. ಎಲ್ಲರೂ ಬರೆದುಕೊಂಡರು. ಆಗ ಹಿಂದಿನ ಸಾಲಿನಿಂದ ಒಬ್ಬ ಎದ್ದ. ‘ನಿಮ್ಮ ತಂದೆ ನಿಜವಾಗ್ಲೂ ನಿಮ್ಮನ್ನ ಕೋಣೇಲಿ ಹಾಕಿ ಬೀಗ ಹಾಕ್ತಿದ್ರಾ?’

ಇಲ್ಲ ಎಂದು ಹೇಳಿ ನಿಲ್ಲಿಸಬೇಕಿತ್ತು.

‘ಇಲ್ಲ. ನಮ್ಮಪ್ಪ ಮನೇಲಿ ಇರ್ತಾನೇ ಇರ್ಲಿಲ್ಲ. ಬೀಗ ಹಾಕೋಕಾದ್ರೂ ಮನೇಲಿ ಇರ್ಬೇಕಲ್ಲ, ಸಾರ್?’ ಎಂದೆ.

ಹಾಲ್ ತುಂಬ ನಗು. ನಾನೂ ನಕ್ಕೆ. ಕಾರಿನಲ್ಲಿ ಬರುವಾಗ ನಗು ನಿಂತಿತು. ಯಾರೂ ಕೇಳದಿದ್ದದ್ದನ್ನು ನಾನೇ ಹೇಳಿಬಿಟ್ಟೆ, ಅದೂ ಇಡೀ ಊರಿನ ಎದುರು. ಆದರೆ ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಬರೆಯಲಾರೆ, ಅಪ್ಪಾ. ನಿಜವಾದದ್ದನ್ನು ಹೇಗೆ ವಾಪಸ್ ತೆಗೆದುಕೊಳ್ಳುವುದು?

ಸಿಟ್ಟು ಬಂದರೆ ಸಿಟ್ಟಿನಲ್ಲೇ ಬರೆ. ಬರೆಯದೆ ಮಾತ್ರ ಇರಬೇಡ.

ಮಗಳು

*

ನವೆಂಬರ್ 30

ಮರೀ,

ಪತ್ರಿಕೆಯಲ್ಲಿ ಮೊದಲೇ ಓದಿದ್ದೆ, ಆಮೇಲೆ ನಿನ್ನ ಕಾಗದ ಬಂತು. ‘ಸಾರ್’ಗೆ ಮುಂಚೆ ಒಂದು ಚಿಕ್ಕ ನಿಲುಗಡೆ ಕೊಟ್ಟಿರುತ್ತೀಯ. ಅಚ್ಚಿನಲ್ಲಿ ಅದು ಕಾಣುವುದಿಲ್ಲ, ಆದರೂ ನನಗೆ ಕೇಳಿಸಿತು. ಅಲ್ಲಿಯೇ ನಗು ಎದ್ದಿರುತ್ತದೆ.

ಸಿಟ್ಟಿಲ್ಲ. ಇಡೀ ದಿನ ಹುಡುಕಿದೆ, ಸಿಗಲಿಲ್ಲ.

ತರಕಾರಿಯವಳೂ ಅದನ್ನು ಓದಿದ್ದಾಳೆ. ಇವತ್ತು ಟೊಮೇಟೊ ತೂಕ ಮಾಡಿ ಕೊಟ್ಟಳು. ನಿನ್ನ ಮಾತಿನಿಂದ ನನ್ನ ಮೇಲಿನ ಒಂದು ಅಪವಾದ ಹೋಯಿತು, ಇನ್ನೊಂದು ಉಳಿಯಿತು. ‘ಈಗಲಾದ್ರೂ ಇರಿ’ ಎಂದಳು, ಚಿಲ್ಲರೆ ಎಣಿಸುತ್ತಾ, ನನ್ನ ಮುಖ ನೋಡದೆ.

ಚೀಲ ಹಿಡಿದುಕೊಂಡೇ ಅಲ್ಲಿಂದ ನೇರ ಗ್ರಂಥಾಲಯಕ್ಕೆ ಹೋದೆ. ಧ್ವನಿಪಾಠವನ್ನು ಬೆಳಗ್ಗೆಗೆ ಬದಲಾಯಿಸಿದೆ. ಹುಡುಗರು ಗೊಣಗಿದರು. ಬೆಳಗ್ಗೆ ಗಂಟಲು ಏಳುವುದಿಲ್ಲವಂತೆ. ‘ಪಿಸುಗುಟ್ಟೋದು ಕಲಿಸ್ತೀನಿ, ಬನ್ನಿ’ ಎಂದೆ.

ನಿನ್ನ ಕೆಲಸ ಮುಗಿಯುವುದು ಯಾವಾಗ, ಬರುವುದು ಯಾವಾಗ, ಬರುವುದೇ ಇಲ್ಲವೋ, ಅದನ್ನೆಲ್ಲ ನಾನು ಕೇಳುತ್ತಿಲ್ಲ. ಅಳಿಯ ಬಂದರೆ ಅವನಿಗೂ ಜಾಗವಿದೆ. ನನ್ನ ಮೇಲೆ ಕೋಪವಿದ್ದರೆ ಇನ್ನೂ ಒಳ್ಳೆಯದು, ಮಾತಿಗೊಂದು ವಿಷಯ ಸಿಗುತ್ತದೆ. ನಿನಗೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ, ಅಷ್ಟೇ.

ಇನ್ನು ಮೇಲೆ ಸಂಜೆ ಹೊತ್ತು ನಾನು ಮನೆಯಲ್ಲಿರುತ್ತೇನೆ.

ಅಪ್ಪ